ಮಗಳ ಜೊತೆ ದೃಢೀಕರಣ ತರಗತಿಯಲ್ಲಿ

2025ರ ಜೂನ್ ತಿಂಗಳ ಒಂದು ಭಾನುವಾರ. ಆರಾಧನೆ ಮುಗಿದಿತ್ತು. ಹೊರಗೆ ಹಾಸನದ ಮಳೆ ಜಿಟಿಜಿಟಿ ಹಿಡಿದಿತ್ತು. ಅಯ್ಯನವರು ದೃಢೀಕರಣ ತರಗತಿಗೆ ಹೆಸರು ಬರೆದುಕೊಳ್ಳುತ್ತಿದ್ದರು. ನಮ್ಮ ಸಭೆಯ ಹಳಬರು ಪಾಸ್ಟರನ್ನು ಈಗಲೂ ಅಯ್ಯನವರು ಅಂತಲೇ ಕರೆಯುತ್ತಾರೆ. ಮಗಳಿಗೆ 14 ತುಂಬಿತ್ತು. ಅವಳ ಹೆಸರು ಬರೆಸಲು ನಾನೂ ಸಾಲಿನಲ್ಲಿ ನಿಂತೆ.

ಫಾರಂನಲ್ಲಿ ಒಂದು ಕಡೆ ತಂದೆ ತಾಯಿಯ ದೃಢೀಕರಣ ಯಾವ ವರ್ಷ ಆಯಿತು ಅಂತ ಕೇಳಿದ್ದರು. ಗಂಡನದು ತುಂಬಿದೆ. ನನ್ನದರ ಹತ್ತಿರ ಬಂದಾಗ ಪೆನ್ನು ನಿಂತುಬಿಟ್ಟಿತು. ನನಗೆ ದೃಢೀಕರಣ ಆಗಿರಲೇ ಇಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ), ಅಂದರೆ ದಕ್ಷಿಣ ಭಾರತ ಸಭೆ. ಚರ್ಚಿಗೆ ನಾವು ಸಭೆ ಅಂತೇವೆ. ಇಲ್ಲಿ ಹಸುಗೂಸಿಗೇ ದೀಕ್ಷಾಸ್ನಾನ ಕೊಡಿಸುತ್ತೇವೆ, ಅಂದರೆ ನೀರು ಹಾಕಿ ಸಭೆಗೆ ಸೇರಿಸುತ್ತೇವೆ. ಮಗುವಿನ ಪರವಾಗಿ ಅಪ್ಪ ಅಮ್ಮ, ಜ್ಞಾನ ತಂದೆ ತಾಯಿ ಮಾತು ಕೊಡುತ್ತಾರೆ. ಮಗು ಬೆಳೆದ ಮೇಲೆ ಆ ಮಾತನ್ನು ತನ್ನ ಬಾಯಲ್ಲೇ ಹೇಳಬೇಕು. ಆಗ ಬಿಷಪ್ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾರೆ. ಅದೇ ದೃಢೀಕರಣ. ಅದಾದ ಮೇಲೆ ಕರ್ತನ ಭೋಜನದಲ್ಲಿ, ಅಂದರೆ ಯೇಸುವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದರಲ್ಲಿ ಪಾಲು. ಅಷ್ಟು ವರ್ಷ ಎಲ್ಲರೂ ಎದ್ದು ಮುಂದೆ ಹೋದಾಗ ನಾನು ಬೆಂಚಿನಲ್ಲೇ ಕೂತಿರುತ್ತಿದ್ದೆ. ಮಗು ಮಲಗಿದೆ ಅಂತ ಹೇಳಿದ್ದೇನೆ, ತಲೆನೋವು ಅಂತ ಹೇಳಿದ್ದೇನೆ. ಮಗಳು ದೊಡ್ಡವಳಾದ ಮೇಲೆ ಯಾರೂ ಕೇಳುವುದನ್ನೇ ಬಿಟ್ಟರು.

ಅಯ್ಯನವರು ಫಾರಂ ನೋಡಿದರು, ನನ್ನ ಮುಖ ನೋಡಿದರು. "ಶನಿವಾರ ನಾಲ್ಕು ಗಂಟೆಗೆ ಕ್ಲಾಸು. ಮಗಳನ್ನ ಬಿಡೋಕೆ ಹೇಗೂ ಬರ್ತೀರಲ್ವಾ, ಕೂತ್ಕೊಳ್ಳಿ" ಅಂದರು. ಅಷ್ಟೇ. ಯಾಕೆ ಆಗಿಲ್ಲ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಬಹುಶಃ ಹೋಗುತ್ತಿರಲಿಲ್ಲ.

ಯಾಕೆ ಆಗಿರಲಿಲ್ಲ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ.

ನನ್ನ ಅಪ್ಪ ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಲೆಕ್ಕ ಬರೆಯುವ ಕೆಲಸ. 1989ರ ಮಳೆಗಾಲದಲ್ಲಿ ನನಗೊಬ್ಬ ತಮ್ಮ ಹುಟ್ಟಿದ. ನನಗಾಗ ಏಳು ವರ್ಷ. ಮಗು ಒಂಬತ್ತು ದಿನ ಇತ್ತು. ಹಗಲು ರಾತ್ರಿ ಸುರಿವ ಮಳೆ, ದಾರಿ ಕೊಚ್ಚಿ ಹೋಗಿತ್ತು. ಡಾಕ್ಟರೂ ಬರಲಿಲ್ಲ, ಅಯ್ಯನವರೂ ಬರಲಿಲ್ಲ. ದೀಕ್ಷಾಸ್ನಾನ ಆಗಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ. ಪಾಪು ಅಂತಿದ್ದೆವು. ಅಪ್ಪ ಒಬ್ಬರೇ ತೋಟದ ಅಂಚಿನಲ್ಲಿ, ಸಿಲ್ವರ್ ಓಕ್ ಮರದ ಕೆಳಗೆ ಮಣ್ಣು ಮಾಡಿ ಬಂದರು. ಗೊರಬು ಹೊದ್ದು ಹೋದವರು ಬರುವಾಗ ಅದನ್ನು ಅಲ್ಲೇ ಬಿಟ್ಟು ನೆನೆದುಕೊಂಡು ಬಂದಿದ್ದರು. ಆ ಗುಂಡಿಯ ಮೇಲೆ ಹೊದಿಸಿದ್ದರಂತೆ. ಅದು ನನಗೆ ತಿಳಿದದ್ದು ಬಹಳ ವರ್ಷ ಆದ ಮೇಲೆ.

15ನೇ ವಯಸ್ಸಿನಲ್ಲಿ ನಾನು ದೃಢೀಕರಣ ತರಗತಿಗೆ ಸೇರಿದ್ದೆ. ಆಗ ಬೇರೆ ಊರಿನಲ್ಲಿದ್ದೆವು, ಅದರ ಹೆಸರು ಬೇಡ. ಒಂದು ದಿನ ಪಾಠ ಮಾಡುವವರು ಬಂದಿರಲಿಲ್ಲ. ಅವರ ಬದಲು ಹಿರಿಯರೊಬ್ಬರು ವಿಶ್ವಾಸ ಪ್ರಮಾಣ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದರು. ನಾವು ಏನು ನಂಬುತ್ತೇವೆ ಅಂತ ಆರಾಧನೆಯಲ್ಲಿ ಎಲ್ಲರೂ ಕೂಡಿ ಹೇಳುವ ಮಾತುಗಳು ಅವು. "ಪರಿಶುದ್ಧರ ಅನ್ಯೋನ್ಯತೆ", ಅಂದರೆ ದೇವರ ಜನರೆಲ್ಲ ಒಂದು ಅನ್ನುವ ಸಾಲು ಬಂದಾಗ ನಾನು ಕೇಳಿದೆ: "ದೀಕ್ಷಾಸ್ನಾನ ಆಗದೆ ಸತ್ತ ಪಾಪು ಇದರಲ್ಲಿ ಇರತ್ತಾ?" ಅವರು ಪುಸ್ತಕದಿಂದ ತಲೆ ಎತ್ತಲಿಲ್ಲ. "ಅದೆಲ್ಲ ಕೇಳಬಾರದು. ಮುಂದಿನ ಸಾಲು ಹೇಳು" ಅಂದರು. ಮುಂದಿನ ಸಾಲು ನನಗೆ ಗೊತ್ತಿತ್ತು. ಹೇಳಲಿಲ್ಲ. ಮರುವಾರ ಹೋಗಲೂ ಇಲ್ಲ. ಮನೆಯಲ್ಲಿ ಯಾರೂ ಬಲವಂತ ಮಾಡಲಿಲ್ಲ. ಅಮ್ಮನಿಗೆ ಕಾರಣ ಹೇಳಿದ್ದೆ. ಅವರು ಒಲೆ ಕಡೆ ತಿರುಗಿಕೊಂಡರು.

ಆಮೇಲೆ 28 ವರ್ಷ. ಓದು, ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರ ಕೆಲಸ, ಮದುವೆ, ಹಾಸನ. ಚರ್ಚಿಗೆ ಹೋಗೋದು ಬಿಡಲಿಲ್ಲ. ಭಾನುವಾರ ಎಲ್ಲರ ಜೊತೆ ನಿಂತು ವಿಶ್ವಾಸ ಪ್ರಮಾಣ ಹೇಳುತ್ತಿದ್ದೆ. ಆ ಒಂದು ಸಾಲು ಬಂದಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಮೊದಲ ಶನಿವಾರ ಹತ್ತು ಮಕ್ಕಳು, ನಾನು ಹನ್ನೊಂದನೆಯವಳು. ಮಗಳು ನನ್ನಿಂದ ಎರಡು ಬೆಂಚು ದೂರ ಕೂತಳು. ಆ ವಯಸ್ಸೇ ಹಾಗೆ.

ಅಯ್ಯನವರು ಬಾಯಿಪಾಠದಿಂದ ಶುರು ಮಾಡಲಿಲ್ಲ. "ವಿಶ್ವಾಸ ಪ್ರಮಾಣ ಮೊದಲು ಹೇಗಿತ್ತು ಗೊತ್ತಾ?" ಅಂತ ಕೇಳಿದರು. ಹಳೇ ಕಾಲದ ರೋಮ್ ಪಟ್ಟಣದ ಸಭೆಯಲ್ಲಿ ದೀಕ್ಷಾಸ್ನಾನಕ್ಕೆ ಬಂದವರು ನೀರಿನಲ್ಲಿ ನಿಲ್ಲುತ್ತಿದ್ದರಂತೆ. ಅವರಿಗೆ ಮೂರು ಪ್ರಶ್ನೆ. ಸರ್ವಶಕ್ತನಾದ ತಂದೆ ದೇವರನ್ನು ನಂಬುತ್ತೀಯಾ? ಆತನ ಮಗನಾದ ಯೇಸು ಕ್ರಿಸ್ತನನ್ನು ನಂಬುತ್ತೀಯಾ? ಪವಿತ್ರಾತ್ಮನನ್ನು ನಂಬುತ್ತೀಯಾ? ಒಂದೊಂದಕ್ಕೂ "ನಂಬುತ್ತೇನೆ" ಅಂದಾಗ ಒಂದೊಂದು ಸಲ ಮುಳುಗಿಸಿ ಎಬ್ಬಿಸುವುದು. ಆ ಉತ್ತರಗಳೇ ಬೆಳೆದು, ಕೂಡಿಕೊಂಡು, ನಾವು ಈಗ ಹೇಳುವ ಅಪೊಸ್ತಲರ ವಿಶ್ವಾಸ ಪ್ರಮಾಣ ಆಯಿತು.

ನಾನು ಕೂತಲ್ಲೇ ನೆಟ್ಟಗಾದೆ. ಅಂದರೆ ಇದು ಹುಟ್ಟಿದ್ದೇ ಪ್ರಶ್ನೆ ಕೇಳಿದ್ದರಿಂದ, ಅಲ್ವಾ? ಹಾಗಾದರೆ ನನಗೆ ಯಾಕೆ ಕೇಳಬಾರದು ಅಂದರು?

ಆ ತಿಂಗಳೆಲ್ಲ "ನಂಬುತ್ತೇನೆ" ಅನ್ನುವ ಒಂದು ಪದದ ಮೇಲೇ ಕಳೆಯಿತು. "ದೇವರಿದ್ದಾನೆ ಅಂತ ನಂಬುತ್ತೇನೆ" ಮತ್ತು "ದೇವರನ್ನು ನಂಬುತ್ತೇನೆ", ಎರಡೂ ಒಂದೇನಾ? ಒಬ್ಬ ಹುಡುಗನ ಮನೆಯವರು ಆಲೂಗಡ್ಡೆ ಬೆಳೆಯುವವರು. ಅವನೇ ಹೇಳಿದ: "ಮಳೆ ಬರತ್ತೆ ಅಂತ ಎಲ್ಲಾರೂ ಹೇಳ್ತಾರೆ. ನಮ್ಮಪ್ಪ ಮಳೆ ನಂಬಿ ಬೀಜ ಹಾಕ್ತಾರೆ." ಅದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಹಾಸನದವರಿಗೆ ಗೊತ್ತು, ಆಲೂಗಡ್ಡೆಗೆ ಅಂಗಮಾರಿ ಬಿದ್ದರೆ ಹೊಲಕ್ಕೆ ಹೊಲವೇ ಕರಗಿಹೋಗುತ್ತೆ. ಆದರೂ ಮುಂದಿನ ವರ್ಷ ಬಿತ್ತುತ್ತಾರೆ. ನಂಬೋದು ಅಂದರೆ ಮೈಭಾರ ಒಂದರ ಮೇಲೆ ಬಿಡೋದು. ಕನ್ನಡ ಮಾತಿನಲ್ಲೇ ಅದು ಇದೆ. ನಾನೇ ಗಮನಿಸಿರಲಿಲ್ಲ.

ತ್ರಯೇಕತ್ವದ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ ಅನ್ನುವ ಪಾಠದ ದಿನ ಇನ್ನೊಬ್ಬ ಹುಡುಗ ಕೈ ಎತ್ತಿದ. "ನೀರು, ಮಂಜುಗಡ್ಡೆ, ಹಬೆ. ಮೂರೂ ಒಂದೇ." ಸಂಡೇ ಸ್ಕೂಲಿನಲ್ಲಿ ನಮಗೂ ಹಾಗೇ ಹೇಳಿಕೊಟ್ಟಿದ್ದರು. ಅಯ್ಯನವರು ಸಮಾಧಾನವಾಗಿ ಬೇಡ ಅಂದರು. ಒಬ್ಬನೇ ಮೂರು ವೇಷ ಹಾಕುತ್ತಾನೆ ಅಂದಹಾಗೆ ಆಗುತ್ತೆ. ಸಭೆ ಹಾಗೆ ಯಾವತ್ತೂ ಹೇಳಿಲ್ಲ. ಯೊರ್ದನ್ ಹೊಳೆಯಲ್ಲಿ ಯೇಸು ದೀಕ್ಷಾಸ್ನಾನ ತೆಗೆದುಕೊಂಡಾಗ ಮಗ ನೀರಿನಲ್ಲಿದ್ದಾನೆ, ಆತ್ಮ ಪಾರಿವಾಳದ ಹಾಗೆ ಇಳಿಯುತ್ತಿದ್ದಾನೆ, ತಂದೆಯ ಧ್ವನಿ ಮೇಲಿನಿಂದ ಬರುತ್ತಿದೆ. ಮೂವರೂ ಒಂದೇ ಹೊತ್ತಿನಲ್ಲಿ. ಆದರೂ ದೇವರು ಒಬ್ಬನೇ. "ಇದನ್ನ ಲೆಕ್ಕದ ಹಾಗೆ ಬಿಡಿಸೋಕೆ ಆಗಲ್ಲ ಮೇಡಂ" ಅಂತ ನನ್ನ ಕಡೆ ನೋಡಿ ಹೇಳಿದರು. "ಮೂವರ ನಡುವೆ ಪ್ರೀತಿ ಇದೆ, ಆ ಪ್ರೀತಿಯೊಳಗೆ ನಮ್ಮನ್ನ ಕರೀತಾರೆ. ಇಷ್ಟು ಹಿಡ್ಕೊಳ್ಳಿ."

ನೈಸೀಯ ವಿಶ್ವಾಸ ಪ್ರಮಾಣದ ಪಾಠ ನನಗೆ ಜಾಸ್ತಿ ಹಿಡಿಸಿತು. ಕ್ರಿ.ಶ. 325ರಲ್ಲಿ, ಇವತ್ತಿನ ಟರ್ಕಿ ದೇಶದ ನೈಸೀಯ ಅನ್ನುವ ಊರಿನಲ್ಲಿ ಬಿಷಪ್‌ಗಳ ಸಭೆ ಸೇರಿತು. ಕರೆದವನು ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್. ಅಲೆಕ್ಸಾಂದ್ರಿಯದ ಅರಿಯಸ್ ಅನ್ನುವ ಪಾದ್ರಿ, ಮಗನು ತಂದೆಯಿಂದ ಉಂಟಾದವನು, ಅವನಿಲ್ಲದ ಕಾಲ ಒಂದಿತ್ತು ಅಂತ ಕಲಿಸುತ್ತಿದ್ದ. ಸಭೆ ಒಪ್ಪಲಿಲ್ಲ. ಮಗನೂ ತಂದೆಯೂ ಒಂದೇ ಸತ್ವ ಅನ್ನಲು ಹೋಮೊಊಸಿಯೋಸ್ ಅನ್ನುವ ಗ್ರೀಕ್ ಪದ ಇಟ್ಟರು. ಜಗಳ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಕೆಲವರು ನಡುವೆ ಒಂದು ಅಕ್ಷರ ಸೇರಿಸಿ ಹೋಮೊಯಿಊಸಿಯೋಸ್ ಅಂದರು. ಅಂದರೆ ಒಂದೇ ಸತ್ವ ಅಲ್ಲ, ಅದರಂಥದ್ದು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ ಮೊದಲಿನ ಪದವೇ ಗಟ್ಟಿಯಾಗಿ ನಿಂತಿತು.

"ಒಂದು ಅಕ್ಷರಕ್ಕೆ ಅಷ್ಟು ಜಗಳಾನಾ?" ಅಂತ ಮಗಳು ಕೇಳಿದಳು. ನಾನು ತಡೆಯಲಾರದೆ ಹೇಳಿದೆ, ಒಂದು ಮೈನಸ್ ಗುರುತು ಬಿಟ್ಟರೆ ಇಡೀ ಲೆಕ್ಕ ತಪ್ಪುತ್ತೆ ಅಂತ. ಅಯ್ಯನವರು ತಲೆ ಆಡಿಸಿದರು. ಶಿಲುಬೆಯಲ್ಲಿ ಇದ್ದವನು ದೇವರು ಕಳಿಸಿದ ಬೇರೆ ಯಾರೋ ಆಗಿದ್ದರೆ, ದೇವರು ತಾನು ದೂರ ನಿಂತು ಇನ್ನೊಬ್ಬನನ್ನು ನೋವಿಗೆ ತಳ್ಳಿದ ಹಾಗಾಯಿತು. ಅವನು ದೇವರೇ ಆಗಿದ್ದರೆ, ದೇವರು ತಾನೇ ಬಂದ. ಆ ಒಂದು ಅಕ್ಷರದಲ್ಲಿ ಇರೋದು ಇದು. 2025ಕ್ಕೆ ನೈಸೀಯ ಸಭೆಗೆ ಸರಿಯಾಗಿ 1700 ವರ್ಷ. ಅದೇ ವರ್ಷ ನಾನು ಆ ಮಾತನ್ನು ಅರ್ಥ ಮಾಡಿಕೊಂಡೆ ಅನ್ನೋದು ನನಗೆ ಸುಮ್ನೆ ಕಾಕತಾಳೀಯ ಅನಿಸಲಿಲ್ಲ.

ಹತ್ತು ಆಜ್ಞೆಗಳು, ಕರ್ತನ ಪ್ರಾರ್ಥನೆ ಎಲ್ಲರಿಗೂ ಮೊದಲೇ ಬರುತ್ತಿತ್ತು. ಬೇಗ ಮುಗಿಯಿತು. ವಿಶ್ವಾಸ ಪ್ರಮಾಣದಲ್ಲಿ ಪೊಂತ್ಯ ಪಿಲಾತನ ಹೆಸರು, ಯೇಸುವನ್ನು ಶಿಲುಬೆಗೆ ಹಾಕಿಸಿದ ರೋಮ್ ಅಧಿಕಾರಿಯ ಹೆಸರು, ಯಾಕೆ ಅಂತ ಒಬ್ಬಳು ಕೇಳಿದಳು. ಇದು ಕತೆಯಲ್ಲ, ಒಂದು ಊರಿನಲ್ಲಿ, ಒಬ್ಬ ಅಧಿಕಾರಿಯ ಕಾಲದಲ್ಲಿ ನಡೆದದ್ದು ಅಂತ ಹೇಳಲು. 1961ರಲ್ಲಿ ಇವತ್ತಿನ ಇಸ್ರೇಲಿನ ಕೈಸರೈಯದಲ್ಲಿ ಅವನ ಹೆಸರು ಕೆತ್ತಿದ ಕಲ್ಲು ಕೂಡ ಸಿಕ್ಕಿದೆ. ಹಳೇಬೀಡು, ಬೇಲೂರಿನ ಕಲ್ಲಿನ ಶಾಸನ ನೋಡಿ ಬೆಳೆದ ಮಕ್ಕಳಿಗೆ ಇದು ತಕ್ಷಣ ಹಿಡಿಯಿತು.

ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಶೆಟ್ಟಿಹಳ್ಳಿಗೆ ಹೋದೆವು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಇಗರ್ಜಿ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುತ್ತೆ. ನಾವು ಹೋದಾಗ ಕಮಾನುಗಳ ಅರ್ಧಕ್ಕೆ ನೀರಿತ್ತು. ಬಂದವರೆಲ್ಲ ಫೋಟೋ ತೆಗೆಯುತ್ತಿದ್ದರು. ಅದು ಕಥೋಲಿಕರದು, ನಮ್ಮದಲ್ಲ. ಅಯ್ಯನವರು ಅಲ್ಲೇ ದಂಡೆಯ ಮೇಲೆ ನಿಲ್ಲಿಸಿ ವಿಶ್ವಾಸ ಪ್ರಮಾಣ ಹೇಳಿಸಿದರು. "ಇಲ್ಲಿ ಹೇಳ್ತಿದ್ದದ್ದೂ ಇದೇ" ಅಂದರು. "ಸಾರ್ವತ್ರಿಕ ಸಭೆ" ಅನ್ನುವ ಸಾಲಿಗೆ ಬೇರೆ ಪಾಠ ಮಾಡಲಿಲ್ಲ.

ನಮ್ಮ ಸಭೆ ಹುಟ್ಟಿದ ದಿನವೂ ಆ ತಿಂಗಳೇ. 1947ರ ಸೆಪ್ಟೆಂಬರ್ 27. ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳವರು ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ಒಂದಾದರು. ದೇಶ ಎರಡಾದ ವರ್ಷ ಸಭೆ ಒಂದಾಯಿತು. ಒಂದಾಗಲು ಇಟ್ಟುಕೊಂಡ ಆಧಾರ ಬಹಳ ಕಡಿಮೆ: ಸತ್ಯವೇದ, ಎರಡು ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಅನ್ನುವ ಎರಡು ಸಂಸ್ಕಾರ, ಬಿಷಪ್ ಸೇವೆ. ಉಳಿದದ್ದರಲ್ಲಿ ಒಬ್ಬರನ್ನೊಬ್ಬರು ಸಹಿಸಿಕೊಂಡರು. ನನಗೆ ಇದು ಬಹಳ ದೊಡ್ಡದಾಗಿ ಕಂಡಿತು. ಅಣ್ಣತಮ್ಮಂದಿರು ಒಂದು ಬೇಲಿಗೆ ಕೋರ್ಟಿಗೆ ಹೋಗುವುದನ್ನು ನೋಡಿದವಳು ನಾನು.

ಹೀಗೆ ಒಂದಾದವರಲ್ಲಿ ಹಾಸನದ ಕಡೆ ಕೆಲಸ ಮಾಡಿದ್ದು ವೆಸ್ಲಿಯನ್ ಮೆಥಡಿಸ್ಟರು. ನಮ್ಮೂರಿನ ರೆಡ್‌ಫರ್ನ್ ಆಸ್ಪತ್ರೆ ಅವರದೇ ಕೈಕೆಲಸ. ಹಾಗಾಗಿ ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕತೆ ಬಂತು. ಅವರು ಪಾದ್ರಿಯಾಗಿ ಹತ್ತು ವರ್ಷ ಆಗಿತ್ತು. ಆದರೂ ತಮಗೆ ನಂಬಿಕೆ ಇದೆಯೋ ಇಲ್ಲವೋ ಅಂತ ಒದ್ದಾಡುತ್ತಿದ್ದರು. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಕೂತಿದ್ದಾಗ ಎದೆ ಬೆಚ್ಚಗಾಯಿತು ಅಂತ ಬರೆದುಕೊಂಡರು. ವೆಸ್ಲಿ ಮತ್ತೆ ಮತ್ತೆ ಹೇಳಿದ ಒಂದು ಮಾತಿದೆ: ಮುಂಚಿತವಾಗಿ ಬರುವ ಕೃಪೆ. ನಾವು ದೇವರ ಕಡೆ ತಿರುಗುವುದಕ್ಕೆ ಮೊದಲೇ, ನಮಗೆ ಗೊತ್ತಾಗುವ ಮೊದಲೇ, ಕೃಪೆ ನಮ್ಮ ಹತ್ತಿರ ಬಂದಿರುತ್ತೆ.

ಅಕ್ಟೋಬರಿನಲ್ಲಿ ಹಾಸನಾಂಬೆ ಬಾಗಿಲು ತೆರೆದಿತ್ತು. ಊರಿಗೆ ಊರೇ ಜನ, ದೂರದಿಂದ ಬರುವ ಮಕ್ಕಳಿಗೆ ಬಸ್ಸಿಲ್ಲ. ಹಾಗಾಗಿ ತರಗತಿ ಎರಡು ವಾರ ನಿಂತಿತು. ಮತ್ತೆ ಸೇರಿದ ದಿನ ಪಾಠ "ಪರಿಶುದ್ಧರ ಅನ್ಯೋನ್ಯತೆ".

ಬೆಳಗಿನಿಂದ ನನಗೆ ಊಟ ಸೇರಿರಲಿಲ್ಲ. ಅಯ್ಯನವರು ಹೇಳುತ್ತಿದ್ದರು, ಸಭೆ ಅಂದರೆ ಈಗ ಬದುಕಿರುವವರು ಮಾತ್ರ ಅಲ್ಲ, ಕ್ರಿಸ್ತನಲ್ಲಿ ನಿದ್ದೆ ಹೋದವರೂ ಸೇರಿ ಒಂದೇ ದೇಹ ಅಂತ. ನಾನು ಕೈ ಎತ್ತಿದೆ. ನನ್ನ ತರಗತಿಯ ಮಕ್ಕಳು ಎತ್ತುವ ಹಾಗೆ. 28 ವರ್ಷದ ಹಿಂದಿನ ಮಾತುಗಳೇ ಬಾಯಿಗೆ ಬಂದವು. "ದೀಕ್ಷಾಸ್ನಾನ ಆಗದೆ ಸತ್ತ ಪಾಪು ಇದರಲ್ಲಿ ಇರತ್ತಾ?"

ಅವರು ಪುಸ್ತಕ ಮುಚ್ಚಿಟ್ಟರು. "ಯಾರ ಪಾಪು?" ಅಂತ ಕೇಳಿದರು. ನಾನು ಹೇಳಿದೆ. ಎಲ್ಲವನ್ನೂ. ಮಗಳು ಎದ್ದು ಬಂದು ನನ್ನ ಪಕ್ಕ ಕೂತಳು.

ಅಯ್ಯನವರು ತಕ್ಷಣ ಉತ್ತರ ಕೊಡಲಿಲ್ಲ. ಸತ್ಯವೇದ ತೆಗೆದು ಸಮುವೇಲನ ಎರಡನೆಯ ಪುಸ್ತಕದ 12ನೇ ಅಧ್ಯಾಯ ಓದಿಸಿದರು. ದಾವೀದನ ಹಸುಗೂಸು ಸಾಯುತ್ತೆ. ಎಷ್ಟನೇ ದಿನ ಅಂತ ನೋಡಿ, ಅಂದರು. ಏಳನೆಯ ದಿನ. "ಇಸ್ರಾಯೇಲರಲ್ಲಿ ಗಂಡುಮಗುವಿಗೆ ಸುನ್ನತಿ ಯಾವತ್ತು?" ಎಂಟನೆಯ ದಿನ. ಅಂದರೆ ಆ ಮಗುವಿಗೆ ಒಡಂಬಡಿಕೆಯ ಗುರುತು ಆಗಿರಲೇ ಇಲ್ಲ. ಆದರೂ ದಾವೀದ ಹೇಳುತ್ತಾನೆ, ಅವನು ನನ್ನ ಹತ್ತಿರ ತಿರುಗಿ ಬರೋದಿಲ್ಲ, ನಾನೇ ಅವನ ಹತ್ತಿರ ಹೋಗುತ್ತೇನೆ ಅಂತ. "ಹೋಗ್ತೀನಿ ಅಂತಾನೆ ನೋಡಿ" ಅಂದರು ಅಯ್ಯನವರು. "ನಾವು ಮಕ್ಕಳಿಗೆ ದೀಕ್ಷಾಸ್ನಾನ ಕೊಡೋದೇ ಕೃಪೆ ಮೊದಲು ಬರತ್ತೆ ಅಂತ. ಮಗುಗೆ ಏನು ಗೊತ್ತಿರತ್ತೆ? ನೀರಿನ ಹತ್ತಿರ ಬರೋಕೆ ನಮಗೆ ಅಪ್ಪಣೆ ಇದೆ. ನೀರಿಲ್ಲದ ಕಡೆ ದೇವರು ಹೋಗಬಾರದು ಅಂತ ಯಾರೂ ಅಪ್ಪಣೆ ಮಾಡಿಲ್ಲ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆವತ್ತು ನಿಮಗೆ ಹಾಗೆ ಹೇಳಿದ್ದು ತಪ್ಪು. ಸಭೆಯ ಪರವಾಗಿ ನಾನು ಕ್ಷಮೆ ಕೇಳ್ತೀನಿ" ಅಂದರು.

ಹತ್ತು ಮಕ್ಕಳ ಎದುರಿಗೆ ನಾನು ಅತ್ತೆ. ನಾಚಿಕೆ ಆಗಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರಿಗೀಗ 72. ಎಲ್ಲ ಕೇಳಿ, "ಏಳನೇ ದಿನ ಅಂತ ಬರೆದಿದೆಯಾ? ಇನ್ನೊಂದು ಸಲ ಓದು" ಅಂದರು. ಓದಿದೆ. ಆಮೇಲೆ ಕೇಳಿದರು, "ಚರ್ಚಿನ ಪುಸ್ತಕದಲ್ಲಿ ಅವನ ಹೆಸರು ಬರೀತಾರಾ?"

ಅಯ್ಯನವರು ನೇರವಾಗಿ ಹೇಳಿದರು, ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಬರೆಯಲು ಆಗುವುದಿಲ್ಲ, ತೀರಿಕೊಂಡವರಿಗೆ ಸಂಸ್ಕಾರ ಇಲ್ಲ ಅಂತ. ಆದರೆ ನವೆಂಬರ್ 2, ತೀರಿಕೊಂಡವರನ್ನು ನೆನೆಯುವ ದಿನ, ಈ ಸಲ ಭಾನುವಾರವೇ ಬರುತ್ತಿತ್ತು. ಆವತ್ತು ಆರಾಧನೆಯಲ್ಲಿ ಹೆಸರುಗಳನ್ನು ಓದುತ್ತಾರೆ. "ಹೆಸರು ಕೊಡಿ, ಓದ್ತೀನಿ." ಪಾಪುಗೆ ಹೆಸರೇ ಇಟ್ಟಿಲ್ಲವಲ್ಲ ಅಂತ ನಾನು ಅಂದುಕೊಂಡಿದ್ದೆ. ಅಮ್ಮ ಒಂದು ಹೆಸರು ಹೇಳಿದರು. ಹೊಟ್ಟೆಯಲ್ಲಿದ್ದಾಗಲೇ ಅವರೂ ಅಪ್ಪನೂ ಆರಿಸಿದ್ದಂತೆ. 36 ವರ್ಷ ಆ ಹೆಸರನ್ನು ಅವರು ಬಾಯಲ್ಲಿ ಹೇಳಿರಲಿಲ್ಲ. ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ಭಾನುವಾರ ಅಪ್ಪನ ಹೆಸರಾದ ಮೇಲೆ ಅದನ್ನೂ ಓದಿದರು.

ಕ್ರಿಸ್ಮಸ್ಸಿಗೆ ತಯಾರಾಗುವ ಆಗಮನ ಕಾಲಕ್ಕೆ ಒಂದು ವಾರ ಮೊದಲು ದೃಢೀಕರಣ ಆಯಿತು. ಹುಡುಗಿಯರು ಬಿಳಿ ಲಂಗ, ಹುಡುಗರು ಬಿಳಿ ಅಂಗಿ, ನಾನು ಅಮ್ಮನ ಬಿಳಿ ಸೀರೆ. ಬಿಷಪ್ ಒಬ್ಬೊಬ್ಬರ ಹೆಸರು ಹಿಡಿದು ಕರೆದು, ತಲೆ ಮೇಲೆ ಕೈಯಿಟ್ಟು, ಪವಿತ್ರಾತ್ಮನ ಬಲಕ್ಕಾಗಿ ಪ್ರಾರ್ಥಿಸಿದರು. ಮಗಳಾದ ಮೇಲೆ ನಾನು. ಆ ಕೈಯ ಭಾರ ಇನ್ನೂ ನೆನಪಿದೆ. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಎಲ್ಲರ ಜೊತೆ ವಿಶ್ವಾಸ ಪ್ರಮಾಣ ಹೇಳಿದೆವು. ಯಾವ ಸಾಲಿನಲ್ಲೂ ನಾನು ನಿಲ್ಲಲಿಲ್ಲ.

ಭೋಜನಕ್ಕೆ ಮೊದಲು ಸಮಾಧಾನ ಹಂಚಿಕೊಳ್ಳುವುದು ನಮ್ಮ ಪದ್ಧತಿ. ಒಬ್ಬರ ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಎರಡು ಕೈಯೊಳಗೆ ಹಿಡಿದು ದಾಟಿಸುವುದು. ಕೇರಳದ ಸಿರಿಯನ್ ಸಭೆಗಳಿಂದ ಬಂದ ಈ ಪದ್ಧತಿಯನ್ನು 1950ರ ಆರಾಧನಾ ಕ್ರಮದಲ್ಲಿ ಸಿ.ಎಸ್.ಐ. ಸೇರಿಸಿಕೊಂಡಿತು. ಅಮ್ಮ ನನ್ನ ಕೈ ಹಿಡಿದವರು ಬಿಡಲು ಬಹಳ ಹೊತ್ತು ತೆಗೆದುಕೊಂಡರು. ಹಿಂದಿನ ಸಾಲಿನವರು ಕಾದರು. ಆಮೇಲೆ ಮೂವರೂ ಎದ್ದು ಮುಂದೆ ಹೋದೆವು. ಅಮ್ಮನಿಗೆ ಮಂಡಿ ಊರಲು ಆಗುವುದಿಲ್ಲ, ನಿಂತೇ ತೆಗೆದುಕೊಂಡರು. ರೊಟ್ಟಿಯ ಚೂರು ನನ್ನ ಅಂಗೈಗೆ ಬಿತ್ತು. ಇಷ್ಟು ಚಿಕ್ಕದಾ ಅನಿಸಿತು. ನಾಲಿಗೆಯ ಮೇಲೆ ಇಟ್ಟುಕೊಂಡೆ.

ಮಧ್ಯಾಹ್ನ ಊಟ ಆದ ಮೇಲೆ ಅಮ್ಮ ಅಪ್ಪನ ಹಳೇ ಸತ್ಯವೇದ ತರಿಸಿದರು. ಮೊದಲ ಹಾಳೆಯಲ್ಲಿ ಅಪ್ಪನ ಮುತ್ತಿನಂಥ ಅಕ್ಷರದಲ್ಲಿ ಅವರ ಮದುವೆ ದಿನ, ನಾನು ಹುಟ್ಟಿದ ದಿನ, ತಂಗಿ ಹುಟ್ಟಿದ ದಿನ. ನಮ್ಮಿಬ್ಬರ ಸಾಲಿನ ನಡುವೆ ಜಾಗ ಇರಲಿಲ್ಲ. "ಪಕ್ಕದಲ್ಲಿ ಬರಿ" ಅಂತ ಮಗಳ ಕೈಗೆ ಪೆನ್ನು ಕೊಟ್ಟರು. ಅವಳು ಹೆಸರು ಬರೆದು, ತಾರೀಖು ಕೇಳಿದಳು. ಅಮ್ಮ ಎರಡು ತಾರೀಖನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಶಾಯಿ ಆರುವ ತನಕ ಪುಸ್ತಕ ಮುಚ್ಚಲು ಬಿಡಲಿಲ್ಲ.